ಕಂಪ್ಯೂಟರ್ ಬರೆದ ಎಕ್ಸ್-ರೇ ರೋಹಿತ: ಗ್ರಾಫ್‌ನ ಎತ್ತರ ನಿಜಕ್ಕೂ ಏನನ್ನು ಹೇಳುತ್ತದೆ?

2016ರ ಫೆಬ್ರವರಿ 17ರಂದು ಜಪಾನ್ 'ಹಿಟೊಮಿ' ಎಂಬ ಎಕ್ಸ್-ರೇ ಉಪಗ್ರಹವನ್ನು ಕಕ್ಷೆಗೆ ಸೇರಿಸಿತು. ಐದು ವಾರ ಕಳೆಯುವಷ್ಟರಲ್ಲಿ, ಮಾರ್ಚ್ 26ರಂದು, ಅದು ನಿಯಂತ್ರಣ ತಪ್ಪಿ ಗಿರಗಿರನೆ ತಿರುಗಿ ಒಡೆದುಹೋಯಿತು. ಅಷ್ಟರೊಳಗೆ ಅದು ಮಾಡಿದ್ದ ಒಂದು ದೊಡ್ಡ ಕೆಲಸವೆಂದರೆ ಸುಮಾರು 24 ಕೋಟಿ ಜ್ಯೋತಿರ್ವರ್ಷ ದೂರದ ಪರ್ಸಿಯಸ್ ಗೆಲಾಕ್ಸಿ ಸಮೂಹದ ಬಿಸಿ ಅನಿಲವನ್ನು ಹಿಂದೆಂದೂ ಇಲ್ಲದಷ್ಟು ಸೂಕ್ಷ್ಮವಾಗಿ ಅಳೆದದ್ದು.

ಆ ಅಳತೆಯನ್ನು ವಿಜ್ಞಾನಿಗಳು ಜಗತ್ತಿನ ಎರಡು ಹೆಸರಾಂತ ಲೆಕ್ಕಾಚಾರದ ತಂತ್ರಾಂಶಗಳಿಗೆ ಕೊಟ್ಟು ನೋಡಿದರು. ಒಂದು 'ಅಪೆಕ್', ಇನ್ನೊಂದು 'ಸ್ಪೆಕ್ಸ್'. ಇಬ್ಬರ ಮುಂದಿದ್ದದ್ದೂ ಒಂದೇ ದತ್ತಾಂಶ. ಅನಿಲದ ತಾಪಮಾನದ ವಿಚಾರದಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ಉತ್ತರ ಕೊಟ್ಟವು. ಆದರೆ 'ಅಲ್ಲಿ ಕಬ್ಬಿಣ ಎಷ್ಟಿದೆ' ಎಂಬ ಪ್ರಶ್ನೆಗೆ ಬಂದ ಉತ್ತರಗಳ ನಡುವೆ ಶೇ. 16ರಷ್ಟು ಅಂತರ! ಅಳತೆಯಲ್ಲಿದ್ದ ಎಣಿಕೆಯ ಅನಿಶ್ಚಿತತೆಗಿಂತ ಇದು 17 ಪಟ್ಟು ದೊಡ್ಡದು. ಅಂದರೆ ತಪ್ಪು ಉಪಗ್ರಹದ್ದಲ್ಲ, ಕಂಪ್ಯೂಟರ್‌ಗಳು ಬರೆದ ಮಾದರಿ ರೋಹಿತಗಳೇ ಒಂದನ್ನೊಂದು ಹೋಲುತ್ತಿರಲಿಲ್ಲ.

ಇಂದು ಎಕ್ಸ್-ರೇ ಖಗೋಳ ವಿಜ್ಞಾನದಲ್ಲಿ ಯಾವ ಫಲಿತಾಂಶ ಬಂದರೂ ಅದರ ಹಿಂದೆ ಇಂಥದ್ದೊಂದು ಸಿಮ್ಯುಲೇಷನ್ ಇರುತ್ತದೆ. ದೂರದರ್ಶಕದ ಸಮಯ ಕೇಳಿ ಅರ್ಜಿ ಹಾಕುವ ಸಂಶೋಧನಾ ವಿದ್ಯಾರ್ಥಿಯೂ ಮೊದಲು ಕೃತಕ ರೋಹಿತ ಬರೆದು, 'ಇಷ್ಟು ಹೊತ್ತು ನೋಡಿದರೆ ಇಷ್ಟು ಕಾಣುತ್ತದೆ' ಎಂದು ತೋರಿಸಬೇಕು. ಭಾರತದ ಆಸ್ಟ್ರೋಸ್ಯಾಟ್‌ಗೂ ಇದೇ ಪದ್ಧತಿ. ಆ ಗ್ರಾಫ್ ಅನ್ನು ತಪ್ಪಾಗಿ ಓದಿದರೆ ಅರ್ಜಿ ಬಿದ್ದುಹೋಗುತ್ತದೆ, ಇಲ್ಲವೇ ಸಿಕ್ಕ ಸಮಯವೇ ವ್ಯರ್ಥವಾಗುತ್ತದೆ. ಹಾಗಾದರೆ ಅದನ್ನು ಓದುವುದು ಹೇಗೆ?

ಅಡ್ಡ ಗೆರೆಯಲ್ಲೇ ಮೊದಲ ಗೊಂದಲ

ರೋಹಿತ ಅಥವಾ ಸ್ಪೆಕ್ಟ್ರಮ್ ಎಂದರೆ ಯಾವ ಶಕ್ತಿಯ ಕಿರಣ ಎಷ್ಟು ಬಂತು ಎಂಬುದರ ಪಟ್ಟಿ. ಅಡ್ಡ ಗೆರೆಯಲ್ಲಿ (ಎಕ್ಸ್ ಅಕ್ಷ) ಸಾಮಾನ್ಯವಾಗಿ ಕಿಲೋ ಎಲೆಕ್ಟ್ರಾನ್ ವೋಲ್ಟ್, ಚುಟುಕಾಗಿ ಕೆಇವಿ, ಇರುತ್ತದೆ. ಕೆಲವು ತಂಡಗಳು ಅದರ ಬದಲು ತರಂಗಾಂತರವನ್ನು ಆಂಗ್‌ಸ್ಟ್ರಾಮ್‌ನಲ್ಲಿ ಹಾಕುತ್ತವೆ. ಒಂದರಿಂದ ಇನ್ನೊಂದಕ್ಕೆ ಹೋಗುವುದು ಸುಲಭ: 12.4 ಅನ್ನು ಒಂದರಿಂದ ಭಾಗಿಸಿದರೆ ಇನ್ನೊಂದು ಸಿಗುತ್ತದೆ. 1 ಕೆಇವಿ ಎಂದರೆ 12.4 ಆಂಗ್‌ಸ್ಟ್ರಾಮ್. ಕಬ್ಬಿಣದ ಪ್ರಸಿದ್ಧ 6.4 ಕೆಇವಿ ಗೆರೆ ಎಂದರೆ 1.94 ಆಂಗ್‌ಸ್ಟ್ರಾಮ್.

ಇಷ್ಟೇ ಆಗಿದ್ದರೆ ತಲೆನೋವಿರಲಿಲ್ಲ. ಅಕ್ಷ ಬದಲಾದಾಗ ಎತ್ತರವೂ ಬದಲಾಗುತ್ತದೆ ಎಂಬುದನ್ನು ಹಲವರು ಮರೆಯುತ್ತಾರೆ. 2 ಆಂಗ್‌ಸ್ಟ್ರಾಮ್ ಬಳಿ ಒಂದು ಆಂಗ್‌ಸ್ಟ್ರಾಮ್ ಅಗಲದಲ್ಲಿ ಸುಮಾರು 3.1 ಕೆಇವಿ ಅಡಗಿರುತ್ತದೆ. 12.4 ಆಂಗ್‌ಸ್ಟ್ರಾಮ್ ಬಳಿ ಅದೇ ಅಗಲದಲ್ಲಿ ಇರುವುದು 0.08 ಕೆಇವಿ ಮಾತ್ರ. ಹೀಗಾಗಿ 'ಪ್ರತಿ ಕೆಇವಿಗೆ ಇಷ್ಟು' ಎಂದು ಬರೆದಾಗ ಮಟ್ಟಸವಾಗಿ ಕಾಣುವ ಗೆರೆ, 'ಪ್ರತಿ ಆಂಗ್‌ಸ್ಟ್ರಾಮ್‌ಗೆ ಇಷ್ಟು' ಎಂದು ಬರೆದ ಕೂಡಲೇ ಒಂದು ಕಡೆ ಗುಡ್ಡದಂತೆ ಏರುತ್ತದೆ. ವಸ್ತು ಬದಲಾಗಿಲ್ಲ, ಬದಲಾದದ್ದು ಅಳತೆಗೋಲು. ಅಕ್ಷದ ಹೆಸರು ತಿದ್ದಿ ಎತ್ತರವನ್ನು ಹಾಗೆಯೇ ಬಿಟ್ಟ ಗ್ರಾಫ್ ನೋಡಿದರೆ ಅದನ್ನು ನಂಬದಿರುವುದೇ ಲೇಸು.

ಇನ್ನೊಂದು ಕಿರಿಕಿರಿ: ಇದೇ ಕೆಇವಿಯನ್ನು ಅನಿಲದ ತಾಪಮಾನಕ್ಕೂ ಬಳಸುತ್ತಾರೆ. ಆಗ 1 ಕೆಇವಿ ಎಂದರೆ ಸುಮಾರು 1.16 ಕೋಟಿ ಕೆಲ್ವಿನ್. ಪರ್ಸಿಯಸ್ ನಡುಭಾಗದ ಅನಿಲ 4 ಕೆಇವಿ ಆಸುಪಾಸಿನದು ಎಂದರೆ 4 ಕೆಇವಿ ಬಳಿ ಒಂದು ಗೆರೆ ಇದೆ ಎಂದಲ್ಲ, ಅನಿಲ 4.6 ಕೋಟಿ ಕೆಲ್ವಿನ್‌ನಷ್ಟು ಬಿಸಿಯಾಗಿದೆ ಎಂದರ್ಥ.

ಎಣಿಸಿದ್ದು ಜನರನ್ನೋ, ಟಿಕೆಟ್ ಹಣವನ್ನೋ?

ಈಗ ಲಂಬ ಗೆರೆ. ತೀವ್ರತೆ ಎಂಬ ಒಂದೇ ಮಾತಿನಡಿ ಇಲ್ಲಿ ಮೂರು ಬೇರೆ ಬೇರೆ ಸಂಗತಿಗಳು ಬಂದು ಕೂರುತ್ತವೆ.

ಮೊದಲನೆಯದು ಫೋಟಾನ್‌ಗಳ ಸಂಖ್ಯೆ: ಪ್ರತಿ ಸೆಕೆಂಡಿಗೆ, ಪ್ರತಿ ಚದರ ಸೆಂಟಿಮೀಟರ್‌ಗೆ, ಪ್ರತಿ ಕೆಇವಿಗೆ ಎಷ್ಟು ಫೋಟಾನ್. ಎರಡನೆಯದು ಶಕ್ತಿ: ಅದೇ ಜಾಗಕ್ಕೆ ಎಷ್ಟು ಅರ್ಗ್. ಮೂರನೆಯದು ಉಪಕರಣ ನಿಜಕ್ಕೂ ಎಣಿಸಿದ 'ಕೌಂಟ್'.

ಮೆಟ್ರೋ ನಿಲ್ದಾಣದ ಗೇಟು ನೆನಪಿಸಿಕೊಳ್ಳಿ. ಎಷ್ಟು ಜನ ಹೊರಬಂದರು ಎಂಬುದು ಒಂದು ಲೆಕ್ಕ. ಅವರು ಒಟ್ಟು ಎಷ್ಟು ದುಡ್ಡು ಕೊಟ್ಟರು ಎಂಬುದು ಇನ್ನೊಂದು. ದೂರದಿಂದ ಬಂದ ಒಬ್ಬರು ಕೊಡುವ ಹಣ, ಪಕ್ಕದ ನಿಲ್ದಾಣದಿಂದ ಬಂದ ಹಲವರಿಗೆ ಸಮ. 6.4 ಕೆಇವಿಯ ಒಂದು ಕಬ್ಬಿಣದ ಫೋಟಾನ್ ಹೊತ್ತು ತರುವ ಶಕ್ತಿ, 1 ಕೆಇವಿಯ ಆರೂವರೆ ಫೋಟಾನ್‌ಗಳಿಗೆ ಹತ್ತಿರ. ಆದ್ದರಿಂದ ಫೋಟಾನ್ ಗ್ರಾಫ್‌ನಲ್ಲಿ ಬಲಕ್ಕೆ ಜಾರಿ ಸಣ್ಣದಾಗಿ ಕಾಣುವ ಭಾಗ, ಶಕ್ತಿಯ ಗ್ರಾಫ್‌ನಲ್ಲಿ ತಲೆ ಎತ್ತಿ ನಿಲ್ಲುತ್ತದೆ. ಕೆಲವರು ಶಕ್ತಿಯಿಂದ ಎರಡು ಸಲ ಗುಣಿಸಿ ಗ್ರಾಫ್ ಬಿಡಿಸುತ್ತಾರೆ. ವೃಷಭ ರಾಶಿಯ ಕ್ರ್ಯಾಬ್ ನೆಬ್ಯುಲಾದ ರೋಹಿತ ಫೋಟಾನ್ ಲೆಕ್ಕದಲ್ಲಿ ಕಡಿದಾದ ಇಳಿಜಾರು. ಎರಡು ಸಲ ಗುಣಿಸಿದರೆ ಬಹುತೇಕ ಸಮತಟ್ಟು. ಎರಡೂ ಸರಿ, ಯಾವುದನ್ನು ನೋಡುತ್ತಿದ್ದೇವೆ ಎಂಬುದು ಗೊತ್ತಿದ್ದರೆ.

ಗೆರೆಯ ಎತ್ತರ ಎಂಬ ಮಾಯೆ

ಹೊಸಬರು ಅತಿ ಹೆಚ್ಚು ಎಡವುವುದು ಇಲ್ಲಿ. 'ಪ್ರತಿ ಕೆಇವಿಗೆ' ಎಂಬ ಎರಡು ಪದ ಬಹಳ ದುಬಾರಿ.

ಮುಂಬೈಯ ಒಂದು ಗಗನಚುಂಬಿ ಕಟ್ಟಡದಲ್ಲಿ 2,000 ಜನ ಇದ್ದಾರೆ ಎನ್ನೋಣ. ಕಟ್ಟಡದ ನಿವೇಶನವಷ್ಟನ್ನೇ, ಅಂದರೆ 0.01 ಚದರ ಕಿ.ಮೀ. ಮಾತ್ರ, ಲೆಕ್ಕಕ್ಕೆ ಹಿಡಿದರೆ ಜನಸಾಂದ್ರತೆ ಚದರ ಕಿ.ಮೀ.ಗೆ 2 ಲಕ್ಷ! ಸುತ್ತಲಿನ ಖಾಲಿ ಜಾಗ ಸೇರಿಸಿ ಒಂದು ಚದರ ಕಿ.ಮೀ. ಹಿಡಿದರೆ ಬರೀ 2,000. ಜನ ಅಷ್ಟೇ, ಕಟ್ಟಡ ಅದೇ. ಆದರೆ ಜನ ಸಮನಾಗಿ ಹರಡಿರುವ ಬಯಲಿನಲ್ಲಿ ಎಷ್ಟು ದೊಡ್ಡ ಚೌಕ ಬರೆದರೂ ಸಾಂದ್ರತೆ ಬದಲಾಗುವುದಿಲ್ಲ.

ರೋಹಿತದಲ್ಲಿ ಕಬ್ಬಿಣ, ಸಿಲಿಕಾನ್‌ನಂಥ ಧಾತುಗಳ ಗೆರೆಗಳು ಆ ಕಟ್ಟಡದಂತೆ, ಹಿನ್ನೆಲೆಯ ನಿರಂತರ ಹೊಳಪು ಬಯಲಿನಂತೆ. ಒಂದು ಗೆರೆಯಿಂದ ಚದರ ಸೆಂಟಿಮೀಟರ್‌ಗೆ ಸೆಕೆಂಡಿಗೆ ಒಟ್ಟು 0.0001 ಫೋಟಾನ್ ಬರುತ್ತದೆ ಎಂದಿಟ್ಟುಕೊಳ್ಳಿ. ಸಿಮ್ಯುಲೇಷನ್‌ನ ಬಿನ್, ಅಂದರೆ ಅಡ್ಡ ಗೆರೆಯ ಒಂದು ಖಾನೆ, 1 ಎಲೆಕ್ಟ್ರಾನ್ ವೋಲ್ಟ್ ಅಗಲವಿದ್ದರೆ ಗ್ರಾಫ್‌ನಲ್ಲಿ ಆ ಗೆರೆಯ ಎತ್ತರ 0.1. ಬಿನ್ 100 ಎಲೆಕ್ಟ್ರಾನ್ ವೋಲ್ಟ್ ಆದರೆ ಎತ್ತರ 0.001. ನೂರು ಪಟ್ಟು ವ್ಯತ್ಯಾಸ! ಎರಡು ತಂತ್ರಾಂಶಗಳ ಚಿತ್ರವನ್ನು ಪಕ್ಕಪಕ್ಕ ಇಟ್ಟು 'ಇದರಲ್ಲಿ ಕಬ್ಬಿಣ ಜಾಸ್ತಿ' ಎನ್ನುವ ಮುನ್ನ ಬಿನ್ ಅಗಲ ನೋಡಬೇಕು. ಗೆರೆಯ ಮಟ್ಟಿಗೆ ಅರ್ಥವಿರುವುದು ಎತ್ತರಕ್ಕಲ್ಲ, ಹಿನ್ನೆಲೆ ಕಳೆದ ಮೇಲೆ ಉಳಿಯುವ ವಿಸ್ತೀರ್ಣಕ್ಕೆ.

'ನಾರ್ಮ್' ಒಂದು, ಅರ್ಥ ನಾಲ್ಕು

ಅಮೆರಿಕದ ನಾಸಾ ಗೊಡ್ಡಾರ್ಡ್ ಕೇಂದ್ರ ನಿರ್ವಹಿಸುವ 'ಎಕ್ಸ್‌ಸ್ಪೆಕ್' ಈ ಕ್ಷೇತ್ರದ ಮನೆಮಾತು. ಕೃತಕ ರೋಹಿತ ತಯಾರಿಸಲು ಅದರಲ್ಲಿರುವ ಆದೇಶದ ಹೆಸರೇ 'ಫೇಕ್‌ಇಟ್'. ಇಷ್ಟು ಪ್ರಾಮಾಣಿಕ ಹೆಸರು ಬೇರೆ ತಂತ್ರಾಂಶಗಳಲ್ಲಿ ಸಿಗುವುದು ಕಷ್ಟ.

ಎಕ್ಸ್‌ಸ್ಪೆಕ್‌ನಲ್ಲಿ ಪ್ರತಿ ಮಾದರಿಗೂ ಕೊನೆಯಲ್ಲಿ 'ನಾರ್ಮ್' ಎಂಬ ಸಂಖ್ಯೆ ಇರುತ್ತದೆ. ಎಷ್ಟು ಪ್ರಕಾಶ ಎಂಬುದನ್ನು ಹೇಳುವುದು ಅದೇ. ಪವರ್-ಲಾ ಮಾದರಿಯಲ್ಲಿ ನಾರ್ಮ್ 1 ಎಂದರೆ, 1 ಕೆಇವಿ ಬಳಿ ಪ್ರತಿ ಕೆಇವಿಗೆ, ಚದರ ಸೆಂಟಿಮೀಟರ್‌ಗೆ, ಸೆಕೆಂಡಿಗೆ ಒಂದು ಫೋಟಾನ್. ಒಂಟಿ ಗೆರೆಯ ಗೌಸಿಯನ್ ಮಾದರಿಯಲ್ಲಿ ಅದೇ ನಾರ್ಮ್ ಗೆರೆಯ ಒಟ್ಟು ಫೋಟಾನ್ ಸಂಖ್ಯೆ; ಅಲ್ಲಿ 'ಪ್ರತಿ ಕೆಇವಿಗೆ' ಎಂಬುದೇ ಇಲ್ಲ. ಕಪ್ಪುಕಾಯದ ಮಾದರಿಯೊಂದರಲ್ಲಿ ಅದು ಮೂಲದ ಒಟ್ಟು ಪ್ರಕಾಶವನ್ನು ದೂರದ ವರ್ಗದಿಂದ ಭಾಗಿಸಿದ ಅಂಕಿ. ಬಿಸಿ ಅನಿಲದ ಅಪೆಕ್ ಮಾದರಿಗೆ ಬಂದರೆ ಇನ್ನೂ ಬೇರೆ: ಅನಿಲದ ಎಲೆಕ್ಟ್ರಾನ್ ಸಾಂದ್ರತೆ, ಹೈಡ್ರೋಜನ್ ಸಾಂದ್ರತೆ, ಗಾತ್ರ ಮೂರನ್ನೂ ಗುಣಿಸಿ, ದೂರದ ವರ್ಗದಿಂದ ಭಾಗಿಸಿ, ಸಂಖ್ಯೆ ಕೈಗೆ ಸಿಗುವಂತಿರಲಿ ಎಂದು 10ರ ಮೈನಸ್ 14ನೇ ಘಾತದಿಂದ ಗುಣಿಸಲಾಗುತ್ತದೆ.

ಒಂದು ಮಾದರಿಯ ನಾರ್ಮ್ 0.01, ಇನ್ನೊಂದರದು 5 ಎಂದ ಮಾತ್ರಕ್ಕೆ ಎರಡನೆಯದು 500 ಪಟ್ಟು ಪ್ರಕಾಶಮಾನ ಎನ್ನುವುದು, ಕಿಲೋ ಮತ್ತು ಲೀಟರ್ ಹೋಲಿಸಿದಂತೆ.

ಇದೇ ಸಾಲಿನಲ್ಲಿ ಇನ್ನೊಂದು ಅಡಗಿದ ಬಲೆ ಇದೆ. ಅನಿಲದಲ್ಲಿ ಕಬ್ಬಿಣ ಎಷ್ಟು ಎಂಬುದನ್ನು 'ಸೂರ್ಯನಲ್ಲಿರುವುದರ ಇಷ್ಟು ಪಾಲು' ಎಂದು ಹೇಳುವುದು ರೂಢಿ. ಆದರೆ ಸೂರ್ಯನಲ್ಲಿ ಎಷ್ಟಿದೆ? ಎಕ್ಸ್‌ಸ್ಪೆಕ್ ತಾನಾಗಿಯೇ ಹಿಡಿಯುವ 1989ರ ಕೋಷ್ಟಕದಲ್ಲಿ ಪ್ರತಿ ಹತ್ತು ಲಕ್ಷ ಹೈಡ್ರೋಜನ್ ಪರಮಾಣುವಿಗೆ ಕಬ್ಬಿಣದ 46.8 ಪರಮಾಣು. 2009ರ ಕೋಷ್ಟಕದಲ್ಲಿ 31.6. ಮೊದಲನೆಯದನ್ನು ಬಳಸಿ ಬಂದ '0.4 ಸೌರ ಪಾಲು' ಎರಡನೆಯದರಲ್ಲಿ ಸುಮಾರು 0.59 ಆಗುತ್ತದೆ. ಕಬ್ಬಿಣದ ಒಂದು ಪರಮಾಣುವೂ ಹೆಚ್ಚಿಲ್ಲ! ಹಳೆಯ ಪ್ರಬಂಧದ ಅಂಕಿಯನ್ನು ಹೊಸದರ ಪಕ್ಕ ಇಟ್ಟು 'ಏರಿಕೆ' ಕಾಣುವವರು ಕೋಷ್ಟಕದ ವರ್ಷ ನೋಡಿದರೆ ಸಾಕು, ಅರ್ಧ ಗೊಂದಲ ಪರಿಹಾರ.

ಆಕಾಶದಿಂದ ಉಪಕರಣದವರೆಗೆ

ಮಾದರಿ ಹೇಳುವುದು ದೂರದರ್ಶಕದ ಬಾಗಿಲಿಗೆ ಏನು ಬಂತು ಎಂದು. ಒಳಗೆ ಹೋದ ಮೇಲೆ ಕಥೆ ಬೇರೆ. ಕನ್ನಡಿ ಎಲ್ಲ ಕಿರಣಗಳನ್ನೂ ತಿರುಗಿಸುವುದಿಲ್ಲ, ಪತ್ತೆ ಯಂತ್ರ ಎಲ್ಲವನ್ನೂ ಹಿಡಿಯುವುದಿಲ್ಲ. ಈ ಎಲ್ಲ ನಷ್ಟ ಕಳೆದು ಉಳಿಯುವುದನ್ನು 'ಪರಿಣಾಮಕಾರಿ ವಿಸ್ತೀರ್ಣ' ಎನ್ನುತ್ತಾರೆ. ಇದು ಶಕ್ತಿಯಿಂದ ಶಕ್ತಿಗೆ ಬದಲಾಗುತ್ತದೆ.

ಮೇಲಿನ 0.0001ರ ಗೆರೆಯನ್ನೇ ತೆಗೆದುಕೊಳ್ಳಿ. ಆ ಶಕ್ತಿಯಲ್ಲಿ ಪರಿಣಾಮಕಾರಿ ವಿಸ್ತೀರ್ಣ 100 ಚದರ ಸೆಂಟಿಮೀಟರ್ ಇದ್ದರೆ ಸೆಕೆಂಡಿಗೆ 0.01 ಕೌಂಟ್, ಅಂದರೆ ನೂರು ಸೆಕೆಂಡಿಗೆ ಒಂದು. 10,000 ಸೆಕೆಂಡ್ ಕಾದರೆ 100 ಕೌಂಟ್. ಎಣಿಕೆಯಲ್ಲಿ ಸಹಜ ಏರುಪೇರು ವರ್ಗಮೂಲದಷ್ಟು, ಇಲ್ಲಿ 10. ಅಂದರೆ ಶೇ. 10ರ ಅನಿಶ್ಚಿತತೆ. ಅದನ್ನು ಶೇ. 3ಕ್ಕೆ ಇಳಿಸಲು ಹತ್ತು ಪಟ್ಟು, ಒಂದು ಲಕ್ಷ ಸೆಕೆಂಡ್ ಬೇಕು. ಹಿನ್ನೆಲೆಯ ಗದ್ದಲ ಸೇರಿದರೆ ಇನ್ನೂ ಹೆಚ್ಚು. ಸಿಮ್ಯುಲೇಷನ್‌ನಲ್ಲಿ ಈ ಏರುಪೇರನ್ನು ಸೇರಿಸದೆ ಬಿಟ್ಟರೆ ನುಣುಪಾದ, ಚಂದದ ಗ್ರಾಫ್ ಬರುತ್ತದೆ. ನಿಜದ ಉಪಗ್ರಹ ಅಂಥದ್ದನ್ನು ಎಂದೂ ಕಳಿಸುವುದಿಲ್ಲ.

ಮೇಲಾಗಿ ಯಂತ್ರ ಪ್ರತಿ ಫೋಟಾನಿನ ಶಕ್ತಿಯನ್ನು ಮಸುಕಾಗಿ ಓದುತ್ತದೆ. ಕಬ್ಬಿಣದ ಮೂರು ಗೆರೆಗಳು 6.4, 6.7 ಮತ್ತು 6.97 ಕೆಇವಿಯಲ್ಲಿ ಬರುತ್ತವೆ. ಮೊದಲನೆಯದು ತಣ್ಣನೆಯ ಕಬ್ಬಿಣದ್ದು, ಉಳಿದೆರಡು ಕೋಟಿಗಟ್ಟಲೆ ಡಿಗ್ರಿಯಲ್ಲಿ ಎಲೆಕ್ಟ್ರಾನ್‌ಗಳನ್ನು ಬಹುತೇಕ ಕಳೆದುಕೊಂಡ ಕಬ್ಬಿಣದ್ದು. ಅನಿಲ ತುಂಬಿದ ಹಳೆಯ ಬಗೆಯ ಎಣಿಕೆ ಯಂತ್ರದಲ್ಲಿ ಮಸುಕು 6 ಕೆಇವಿ ಬಳಿ ಸುಮಾರು 1 ಕೆಇವಿ. ಮೂರೂ ಸೇರಿ ಒಂದೇ ದಿಬ್ಬ. ಸಿಲಿಕಾನ್ ಯಂತ್ರದಲ್ಲಿ ಮಸುಕು 0.2 ಕೆಇವಿಗಿಂತ ಕಡಿಮೆ, ಬೇರ್ಪಡಿಸಲು ಸಾಧ್ಯ. ಹಿಟೊಮಿಯಲ್ಲಿ 0.005 ಕೆಇವಿ! 6.7ರ ಒಂದು ಗೆರೆ ಎಂದುಕೊಂಡಿದ್ದದ್ದೇ ಹಲವು ಗೆರೆಗಳ ಗೊಂಚಲು ಎಂಬುದು ಅಲ್ಲಿ ಕಣ್ಣಿಗೆ ಬಿತ್ತು. ಆಗಲೇ ಅಪೆಕ್ ಮತ್ತು ಸ್ಪೆಕ್ಸ್‌ನ ಭಿನ್ನಮತವೂ ಹೊರಬಿದ್ದದ್ದು. ಎಲೆಕ್ಟ್ರಾನ್ ಡಿಕ್ಕಿ ಹೊಡೆದಾಗ ಕಬ್ಬಿಣದ ಅಯಾನು ಎಷ್ಟು ಸಲ ಹೊಳೆಯುತ್ತದೆ ಎಂಬ ದರವನ್ನು ಎರಡು ದತ್ತಕೋಶಗಳು ಬೇರೆ ಬೇರೆಯಾಗಿ ಬರೆದುಕೊಂಡಿದ್ದವು. ಮಸುಕಾದ ಯಂತ್ರಗಳ ಕಾಲದಲ್ಲಿ ಅದು ಗಮನಕ್ಕೇ ಬರುತ್ತಿರಲಿಲ್ಲ.

ಮಸುಕನ್ನು ಹಿಂದಕ್ಕೆ ಬಿಡಿಸಿದ ಗ್ರಾಫ್‌ಗಳೂ ಪ್ರಬಂಧಗಳಲ್ಲಿ ಬರುತ್ತವೆ. ಅವು ನೋಡಲು ದತ್ತಾಂಶದಂತಿದ್ದರೂ ಅರ್ಧ ಮಾದರಿಯೇ. ಯಾವ ಮಾದರಿ ಹಾಕಿ ಬಿಡಿಸಿದರೋ ಬಿಂದುಗಳು ಆ ಕಡೆಗೇ ವಾಲಿರುತ್ತವೆ.

ಕತ್ತಲ ದ್ರವ್ಯದ ಗೆರೆಯೋ, ಪೊಟ್ಯಾಸಿಯಮ್ಮೋ?

ಇದೆಲ್ಲ ಬರೀ ತಾಂತ್ರಿಕ ಜಗಳ ಎನಿಸಿದರೆ 2014ರ ಪ್ರಕರಣ ನೋಡಿ. ಯುರೋಪಿನ ಎಕ್ಸ್ಎಂಎಂ-ನ್ಯೂಟನ್ ಉಪಗ್ರಹ ನೋಡಿದ 73 ಗೆಲಾಕ್ಸಿ ಸಮೂಹಗಳ ರೋಹಿತವನ್ನು ಒಟ್ಟುಗೂಡಿಸಿದಾಗ 3.55 ಕೆಇವಿ ಸುಮಾರಿಗೆ ಪುಟ್ಟ ಉಬ್ಬು ಕಂಡಿತು. ಇನ್ನೊಂದು ತಂಡ ಆಂಡ್ರೊಮಿಡಾ ಮತ್ತು ಪರ್ಸಿಯಸ್‌ನಲ್ಲೂ ಅಂಥದ್ದನ್ನೇ ಕಂಡಿತು. ಕತ್ತಲ ದ್ರವ್ಯದ ಕಣಗಳು ಕ್ಷಯಿಸುವಾಗ ಹೊಮ್ಮುವ ಬೆಳಕು ಇದಿರಬಹುದೇ ಎಂಬ ಚರ್ಚೆ ಜಗತ್ತಿನಾದ್ಯಂತ ಶುರುವಾಯಿತು.

ಸಮಸ್ಯೆ ಏನೆಂದರೆ, ಅದೇ ಜಾಗದ ಅಕ್ಕಪಕ್ಕದಲ್ಲಿ ಪೊಟ್ಯಾಸಿಯಂ ಮತ್ತು ಆರ್ಗಾನ್‌ನ ದುರ್ಬಲ ಗೆರೆಗಳಿವೆ. ಅವು ಎಷ್ಟು ತೀವ್ರ ಎಂಬುದನ್ನು ನೇರವಾಗಿ ಅಳೆಯಲಾಗದು. ಬೇರೆ ಧಾತುಗಳ ಬಲವಾದ ಗೆರೆಗಳನ್ನು ನೋಡಿ, ತಾಪಮಾನ ಊಹಿಸಿ, ಸಿಮ್ಯುಲೇಷನ್‌ನಿಂದ ಲೆಕ್ಕ ಹಾಕಬೇಕು. ಒಂದು ತಂಡ 'ಇದು ಪೊಟ್ಯಾಸಿಯಮ್ಮೇ ಇರಬಹುದು' ಎಂದಿತು. ಮೂಲ ತಂಡ ತಿರುಗಿ, ನೀವು ಬಳಸಿದ ಪರಮಾಣು ದತ್ತಾಂಶವೇ ಸರಿಯಿಲ್ಲ, ಗೆರೆಗಳ ಅನುಪಾತದ ಲೆಕ್ಕ ತಪ್ಪಿದೆ ಎಂದು ಉತ್ತರಿಸಿತು. ವಿಶ್ವದ ಬಹುಪಾಲು ದ್ರವ್ಯ ಯಾವುದು ಎಂಬ ಪ್ರಶ್ನೆ, ಕೋಷ್ಟಕದ ಒಂದು ಅಂಕಿಯನ್ನು ಹೇಗೆ ಓದಬೇಕು ಎಂಬಲ್ಲಿಗೆ ಬಂದು ನಿಂತಿತ್ತು. ಹಿಟೊಮಿಯ ದತ್ತಾಂಶದಲ್ಲಿ, ಪರ್ಸಿಯಸ್‌ನಲ್ಲಿದೆ ಎಂದು ಹಿಂದೆ ಹೇಳಲಾಗಿದ್ದ ಪ್ರಮಾಣದ ಗೆರೆ ಕಾಣಲಿಲ್ಲ ಎಂಬ ವರದಿ 2017ರಲ್ಲಿ ಪ್ರಕಟವಾಯಿತು.

ಅಳತೆಗೋಲೇ ಅಲುಗಿದಾಗ

ಎಕ್ಸ್-ರೇ ಖಗೋಳದಲ್ಲಿ 'ಕ್ರ್ಯಾಬ್' ಎಂಬ ಯೂನಿಟ್ಟೇ ಇದೆ. ಕ್ರ್ಯಾಬ್ ನೆಬ್ಯುಲಾ ಎಷ್ಟು ಪ್ರಕಾಶಿಸುತ್ತದೋ ಅದು 1 ಕ್ರ್ಯಾಬ್. ಸಾವಿರದಲ್ಲೊಂದು ಭಾಗ ಮಿಲಿಕ್ರ್ಯಾಬ್. 2ರಿಂದ 10 ಕೆಇವಿ ನಡುವೆ ಇದು ಚದರ ಮೀಟರ್‌ಗೆ ಸುಮಾರು 2.4ನ್ನು 10ರ ಮೈನಸ್ 11ನೇ ಘಾತದಿಂದ ಗುಣಿಸಿದಷ್ಟು ವ್ಯಾಟ್. ಯಾವ ಬ್ಯಾಂಡ್ ಎಂದು ಹೇಳದೆ ಬರೀ '50 ಮಿಲಿಕ್ರ್ಯಾಬ್' ಎಂದರೆ ಅರ್ಥವಿಲ್ಲ, ಏಕೆಂದರೆ ಮೂಲದ ರೋಹಿತ ಕ್ರ್ಯಾಬ್‌ನಂತೆಯೇ ಇರಬೇಕೆಂದೇನಿಲ್ಲ. ದಶಕಗಳ ಕಾಲ ಕದಲದ ದೀಪ ಎಂದು ನಂಬಿದ್ದ ಈ ನೆಬ್ಯುಲಾ 2008ರಿಂದ ಎರಡು ವರ್ಷದಲ್ಲಿ ಶೇ. 7ರಷ್ಟು ಮಂಕಾಗಿದೆ ಎಂದು 2011ರ ಪ್ರಬಂಧವೊಂದು ತೋರಿಸಿತು. ಅಂಗಡಿಯ ತೂಕದ ಬಟ್ಟೇ ಸವೆದಂತೆ.

ಸೂರ್ಯನ ವಿಷಯಕ್ಕೆ ಬಂದರೆ ಯೂನಿಟ್ ಮತ್ತೆ ಬೇರೆ. ಸುದ್ದಿಯಲ್ಲಿ ಬರುವ 'ಎಕ್ಸ್1 ಸೌರಜ್ವಾಲೆ' ಎಂದರೆ 1ರಿಂದ 8 ಆಂಗ್‌ಸ್ಟ್ರಾಮ್ ನಡುವೆ ಚದರ ಮೀಟರ್‌ಗೆ 0.0001 ವ್ಯಾಟ್. ಬ್ಯಾಂಡ್‌ಗಳ ಸಣ್ಣ ವ್ಯತ್ಯಾಸ ಬದಿಗಿಟ್ಟರೆ ಅದು ಸುಮಾರು 40 ಲಕ್ಷ ಕ್ರ್ಯಾಬ್.

ಬೆಂಗಳೂರಿನಲ್ಲಿ ತಯಾರಾದ ಚಂದ್ರಯಾನ-2ರ 'ಕ್ಲಾಸ್' ಉಪಕರಣಕ್ಕೆ ಈ ಜ್ವಾಲೆಗಳೇ ದೀಪ. ಸೂರ್ಯನ ಎಕ್ಸ್-ರೇ ಚಂದ್ರನ ನೆಲಕ್ಕೆ ಬಡಿದಾಗ ಸೋಡಿಯಂ 1.04, ಮೆಗ್ನೀಸಿಯಂ 1.25, ಅಲ್ಯೂಮಿನಿಯಂ 1.49, ಸಿಲಿಕಾನ್ 1.74 ಕೆಇವಿಯಲ್ಲಿ ಹೊಳೆಯುತ್ತವೆ. ಆದರೆ ಗೆರೆ ದೊಡ್ಡದಿದೆ ಎಂದ ಮಾತ್ರಕ್ಕೆ ಮಣ್ಣಿನಲ್ಲಿ ಆ ಧಾತು ಹೆಚ್ಚು ಎನ್ನಲಾಗದು. ಆ ಕ್ಷಣದಲ್ಲಿ ಸೂರ್ಯನೇ ಹೆಚ್ಚು ಉರಿಯುತ್ತಿರಬಹುದು. ಅದಕ್ಕಾಗಿಯೇ ಅಹಮದಾಬಾದ್‌ನ ಭೌತಿಕ ಸಂಶೋಧನಾ ಪ್ರಯೋಗಾಲಯದ 'ಎಕ್ಸ್ಎಸ್ಎಂ' ಅದೇ ನೌಕೆಯಲ್ಲಿ ಸೂರ್ಯನತ್ತ ಮುಖ ಮಾಡಿ ಕೂತಿದೆ. ಆ ಸೌರ ರೋಹಿತವನ್ನು ಹಾಕಿ ಚಂದ್ರನ ನೆಲದ ಕೃತಕ ರೋಹಿತ ಬರೆದ ಮೇಲೆಯೇ ಗೆರೆಯ ತೀವ್ರತೆ ಮಣ್ಣಿನಲ್ಲಿರುವ ಶೇಕಡಾವಾರು ಪ್ರಮಾಣವಾಗಿ ಬದಲಾಗುತ್ತದೆ. 2024ರ ಜನವರಿ 1ರಂದು ಹಾರಿದ ಎಕ್ಸ್‌ಪೋಸ್ಯಾಟ್‌ನ 'ಎಕ್ಸ್‌ಸ್ಪೆಕ್ಟ್' ಮೊದಲು ನೋಡಿದ್ದು ಕ್ಯಾಸಿಯೋಪಿಯಾ-ಎ ಎಂಬ ಸ್ಫೋಟದ ಅವಶೇಷವನ್ನು. ಸಿಲಿಕಾನ್, ಗಂಧಕ, ಆರ್ಗಾನ್, ಕ್ಯಾಲ್ಸಿಯಂ, ಕಬ್ಬಿಣದ ಗೆರೆಗಳು ಎಲ್ಲಿರಬೇಕು ಎಂಬುದು ಮೊದಲೇ ಗೊತ್ತಿರುವುದರಿಂದ ಯಂತ್ರದ ಓದು ಸರಿಯಿದೆಯೇ ಎಂದು ತಾಳೆ ನೋಡಲು ಅದು ಹೇಳಿಮಾಡಿಸಿದ ಗುರಿ.

ಬಾಗಿಲು ತೆರೆಯದ ಉಪಗ್ರಹ

ಹಿಟೊಮಿಯ ಉತ್ತರಾಧಿಕಾರಿ 'ಎಕ್ಸ್‌ರಿಸಂ' 2023ರ ಸೆಪ್ಟೆಂಬರ್ 7ರಂದು ಉಡಾವಣೆಯಾಯಿತು. ಅದರ ಮುಖ್ಯ ಉಪಕರಣ 'ರಿಸಾಲ್ವ್' 0.3 ಕೆಇವಿಯಿಂದಲೇ ನೋಡಬೇಕಿತ್ತು. ಆದರೆ ಪತ್ತೆ ಯಂತ್ರದ ಮುಂದಿನ ಕವಾಟ ತೆರೆಯಲಿಲ್ಲ. ಕವಾಟದಲ್ಲಿರುವ ತೆಳು ಬೆರಿಲಿಯಂ ಕಿಟಕಿ ಕಡಿಮೆ ಶಕ್ತಿಯ ಕಿರಣಗಳನ್ನು ತಡೆಯುತ್ತದೆ. ಈಗ ಅದರ ದೃಷ್ಟಿ ಶುರುವಾಗುವುದು ಸುಮಾರು 1.7 ಕೆಇವಿಯಿಂದ.

ಉಡಾವಣೆಗೆ ಮುನ್ನ ಕವಾಟ ತೆರೆದಿರುತ್ತದೆ ಎಂದು ನಂಬಿ ಬರೆದಿದ್ದ ಕೃತಕ ರೋಹಿತಗಳಲ್ಲಿ ಆಕ್ಸಿಜನ್, ನಿಯಾನ್‌ನ ಚಂದದ ಗೆರೆಗಳಿದ್ದವು. ಅವು ಈಗ ಕಾಣುವುದಿಲ್ಲ. ಹೊಸದಾಗಿ ಸಮಯ ಕೇಳುವವರು 'ಕವಾಟ ಮುಚ್ಚಿದೆ' ಎಂಬ ಕಡತ ಹಾಕಿ ಸಿಮ್ಯುಲೇಷನ್ ಮತ್ತೆ ಮಾಡಬೇಕು. ಮಾದರಿ ಅದೇ, ನಾರ್ಮ್ ಅದೇ. ಹಳೆಯ ಕಡತವೇ ಉಳಿದಿದ್ದರೆ ಮಾತ್ರ ಬರಲಾರದ ಗೆರೆಗೆ ಅರ್ಜಿ ಹಾಕಿದಂತಾಗುತ್ತದೆ.